ಚುಕ್ಕಿ ಬೀಳದ ಮೂರು ತಾಲೂಕು

ಊರು ಮುಂದುವರಿದಿದೆಯೋ ಇಲ್ಲವೋ ಎಂದು ಅಳೆಯುವ ಕೋಲು ಈ ದೇಶದಲ್ಲಿ ಆಗಾಗ ಬದಲಾಗುತ್ತದೆ. ಒಂದು ಕಾಲಕ್ಕೆ ಅಂಚೆ ಕಚೇರಿ, ಆಮೇಲೆ ಹೈಸ್ಕೂಲು, ಬ್ಯಾಂಕು, ಮತ್ತೆ ಮೊಬೈಲ್ ಟವರು. ಈಗಿನ ಕೋಲು ಕಾಫಿಯದ್ದು. ಹಸಿರು ವೃತ್ತದೊಳಗೆ ಕೂದಲು ಬಿಟ್ಟುಕೊಂಡ ಮತ್ಸ್ಯಕನ್ಯೆಯ ಬೋರ್ಡು ನಿಮ್ಮ ಪೇಟೆಯಲ್ಲಿ ಉಂಟೋ, ನೀವು ನಗರವಾಸಿಗಳು. ಇಲ್ಲವೋ, ನಿಮ್ಮ ಊರು ‘ನೇಟಿವ್’. ದೀಪಾವಳಿಗೆ ಬಂದು, ನೆಟ್‌ವರ್ಕ್ ಇಲ್ಲವೆಂದು ಗೊಣಗಿ, ಹಲಸಿನ ಹಪ್ಪಳ ಕಟ್ಟಿಕೊಂಡು ವಾಪಸು ಹೋಗಲಿಕ್ಕಿರುವ ಜಾಗ.

ಈ ಬೋರ್ಡಿನ ಲೆಕ್ಕ ಹೀಗಿದೆ. ಅಮೆರಿಕದ ಸ್ಟಾರ್‌ಬಕ್ಸ್, ಟಾಟಾದವರ ಜತೆ ಸಮಪಾಲು ಹಾಕಿ 2012ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ ತೆರೆಯಿತು. 2025ರ ಮಾರ್ಚ್ ಮುಗಿಯುವಾಗ 80 ನಗರಗಳಲ್ಲಿ 479 ಅಂಗಡಿ. 2028ರೊಳಗೆ ಸಾವಿರ ಮಾಡುತ್ತೇವೆ, ಮೂರು ದಿನಕ್ಕೊಂದು ಬಾಗಿಲು ತೆರೆಯುತ್ತೇವೆ ಎಂದು 2024ರ ಜನವರಿಯಲ್ಲಿ ಘೋಷಣೆಯೂ ಆಯಿತು. ಮೂರು ದಿನಕ್ಕೊಂದು! ನಮ್ಮಲ್ಲಿ ಒಂದು ಆರ್‌ಟಿಸಿಯ ಹೆಸರು ತಿದ್ದುಪಡಿಯಾಗಿ ಕೈಗೆ ಬರುವ ಹೊತ್ತಿಗೆ ದೇಶದಲ್ಲಿ ಹತ್ತಿಪ್ಪತ್ತು ಕಾಫಿ ಅಂಗಡಿ ಎದ್ದು ನಿಂತಿರುತ್ತವೆ.

ಅಂಗಡಿ ಇರುವಲ್ಲೆಲ್ಲ ಒಂದೊಂದು ಚುಕ್ಕಿ ಇಟ್ಟು ಭಾರತದ ನಕ್ಷೆ ಬಿಡಿಸಿ ನೋಡಿ. ಮುಂಬೈ, ದೆಹಲಿ, ಬೆಂಗಳೂರಿನ ಮೇಲೆ ದಡಾರ ಎದ್ದಂತೆ ಚುಕ್ಕಿಗಳು. ಪಶ್ಚಿಮ ಘಟ್ಟದ ಬುಡದಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕು ಮಾತ್ರ ಒಗೆದು ಒಣಹಾಕಿದ ಪಂಚೆಯ ಹಾಗೆ ಬೆಳ್ಳಗೆ. ಕಡಬದ್ದಂತೂ ಬಿಡಿ. 2013ರ ಬಜೆಟ್ಟಿನಲ್ಲಿ ತಾಲೂಕು ಎಂದು ಹೆಸರು ಬಂದು, ನಿಜವಾಗಿ ತಾಲೂಕಾಗುವಾಗ 2018 ಬಂದಿತ್ತು. ಸರಕಾರದ ನಕ್ಷೆಗೆ ಏರಲಿಕ್ಕೇ ಐದು ವರ್ಷ ಹಿಡಿದ ಊರಿಗೆ ಕಾಫಿಯ ನಕ್ಷೆ ಅಷ್ಟು ಬೇಗ ಎಲ್ಲಿಂದ ಸಿಗಬೇಕು?

ಇದರಲ್ಲಿ ನಿಜವಾದ ತಮಾಷೆ ಭೂಗೋಳದ್ದು. ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕರ್ನಾಟಕ. ಆ ಮತ್ಸ್ಯಕನ್ಯೆಯ ಅಂಗಡಿಗೆ ಬೀಜ ಹುರಿದು ಕೊಡುವ ಟಾಟಾದವರ ಘಟಕ ಇರುವುದು ಕುಶಾಲನಗರದಲ್ಲಿ. ಅಲ್ಲಿಂದ ಮಡಿಕೇರಿಗೆ ಹತ್ತಿ ಘಾಟಿ ಇಳಿದರೆ ಸಂಪಾಜೆ, ಮುಂದೆ ಸುಳ್ಯ, ಅದರ ಮುಂದೆ ಪುತ್ತೂರು. ವಿದೇಶಕ್ಕೆ ಹೊರಟ ಕೊಡಗಿನ ಕಾಫಿ ಮಂಗಳೂರಿನ ಬಂದರಿಗೆ ಇಳಿಯುವುದೂ ಇದೇ ದಾರಿಯಲ್ಲಿ. ಒಟ್ಟಿನಲ್ಲಿ ಕಾಫಿ ನಮ್ಮ ಮೇಲಿನ ಮನೆಯಲ್ಲಿ ಹುಟ್ಟಿ, ನಮ್ಮ ಅಂಗಳದಲ್ಲೇ ಹಾದು, ಹಡಗು ಹತ್ತುತ್ತದೆ. ಕುಡಿಯಬೇಕೆಂದರೆ ನಾವು ಬಸ್ಸು ಹತ್ತಬೇಕು. ಸಾಲದ್ದಕ್ಕೆ ಹಳದಿ ರೋಗ ಹಿಡಿದು ಅಡಿಕೆ ಮರ ಸೋಗೆ ಕಳಚಿಕೊಂಡು ನಿಂತ ಸುಳ್ಯದ ತೋಟಗಳಲ್ಲಿ ಈಗ ಕೆಲವರು ಕಾಫಿ ಗಿಡವನ್ನೇ ನೆಟ್ಟಿದ್ದಾರೆ. ಗಿಡ ಬಂತು, ಕಾಯಿಯೂ ಬಂತು. ಚುಕ್ಕಿ ಮಾತ್ರ ಬರಲಿಲ್ಲ.

ಕುಡಿಯುವ ಸರಕು ನಮ್ಮ ಮೂಗಿನಡಿಯಿಂದ ದಾಟಿಹೋಗುವುದು ಇದೇ ಮೊದಲೇನಲ್ಲ. ಎತ್ತಿನಹೊಳೆ ಎಂಬ ಹೊಳೆ ಘಟ್ಟದ ಮೇಲೆ ಹುಟ್ಟಿ, ಗುಂಡ್ಯದ ಕಡೆಗೆ ಇಳಿದು, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಕೈ ಹಿಡಿಯುವುದು ಕ್ರಮ. ಆ ಕ್ರಮ ತಪ್ಪಿಸಿ ಅದನ್ನು ಪೂರ್ವಕ್ಕೆ, ಕೋಲಾರದ ಕಡೆಗೆ ತಿರುಗಿಸಲು 23 ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆಯಾಯಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಪಂಪು ಚಾಲೂ ಆಯಿತು. ಕೋಲಾರದವರ ಬಾಯಾರಿಕೆ ಸುಳ್ಳಲ್ಲ, ಅವರಿಗೆ ನೀರು ಬೇಡವೆನ್ನುವ ಕಲ್ಲುಮನಸ್ಸು ನಮಗಿಲ್ಲ. ಆದರೆ ಕಾಫಿ ಪಶ್ಚಿಮಕ್ಕೆ, ನೀರು ಪೂರ್ವಕ್ಕೆ ಹೊರಟಾಗ ನಡುವೆ ನಿಂತವನು ಲೋಟ ಹಿಡಿದುಕೊಂಡು ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬುದನ್ನಾದರೂ ಯಾರಾದರೂ ಹೇಳಬಹುದಿತ್ತು.

ಸರಿ, ಚೈನ್ ಅಂಗಡಿಯವರು ನಮ್ಮಲ್ಲಿಗೆ ಯಾಕೆ ಬರುವುದಿಲ್ಲ? ಜಾಗ ನೋಡುವ ಅಧಿಕಾರಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದು ಸುಳ್ಯ ಪೇಟೆಯ ಚಾ ಹೋಟೆಲಿನಲ್ಲಿ ಕೂತರು ಎಂದು ಇಟ್ಟುಕೊಳ್ಳಿ. ಮಾತು ಹೀಗೆ ಸಾಗೀತು.

‘ಸರ್, ಇಲ್ಲಿ ಜನ ಎಲ್ಲಿದ್ದಾರೆ?’

‘ಮನೆಯಲ್ಲಿ.’

‘ಮನೆಗಳು ಎಲ್ಲಿವೆ? ರೋಡ್ ಪಕ್ಕ ಕಾಣಿಸ್ತಾನೇ ಇಲ್ವಲ್ಲ.’

‘ತೋಟದಲ್ಲಿ.’

‘ತೋಟ ಎಲ್ಲಿದೆ?’

‘ಆ ಗುಡ್ಡೆ ಕಾಣ್ತದಲ್ಲ, ಅದರ ಆಚೆ ಇಳಿದರೆ ಒಂದು ತೋಡು. ತೋಡು ದಾಟಿದ ಮೇಲೆ ಯಾರನ್ನಾದರೂ ಕೇಳಿ.’

‘ಪಕ್ಕದ ಮನೆ?’

‘ಅದು ಇನ್ನೊಂದು ಗುಡ್ಡೆಯ ಆಚೆ.’

ಅಧಿಕಾರಿ ಬೆವರು ಒರೆಸಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

‘ಒಬ್ಬ ಗಿರಾಕಿ ನಿಮ್ಮ ಹೋಟೆಲಲ್ಲಿ ಎಷ್ಟು ಹೊತ್ತು ಕೂರ್ತಾರೆ ಸರ್?’

‘ಅದು ಅವರ ಬಸ್ಸು ಎಷ್ಟು ಗಂಟೆಗೆ ಅಂತ ನೋಡಿ.’

‘ಅಷ್ಟೂ ಹೊತ್ತಿಗೆ ಬಿಲ್ ಎಷ್ಟಾಗತ್ತೆ?’

‘ಒಂದು ಚಾ. ಪೇಪರ್ ಓದ್ಲಿಕ್ಕೆ ದುಡ್ಡಿಲ್ಲ.’

‘ಮತ್ತೆ ಕೂತಿದ್ದಕ್ಕೆ?’

‘ಕೂತದ್ದಕ್ಕೆ ದುಡ್ಡು ತಗೊಂಡ್ರೆ ನಾಳೆ ನಾವು ಪೇಟೆಯಲ್ಲಿ ಮುಖ ಎತ್ತಿ ನಡೆಯುವುದು ಹೇಗೆ ಮಾರಾಯ್ರೆ?’

ಇಲ್ಲಿಗೆ ಸರ್ವೆ ಮುಗಿಯಿತು. ಏಕೆಂದರೆ ಚೈನ್ ಕಾಫಿ ಅಂಗಡಿ ಮಾರುವುದು ಕಾಫಿಯನ್ನಲ್ಲ, ಕುರ್ಚಿಯನ್ನು. ಇನ್ನೂರು ಮುನ್ನೂರು ರೂಪಾಯಿಯ ಲೋಟದಲ್ಲಿ ಕಾಫಿ ನೆಪಕ್ಕೆ, ಉಳಿದದ್ದು ತಣ್ಣಗಿನ ಗಾಳಿಗೆ, ವೈಫೈಗೆ, ಯಾರೂ ಏಳಿಸದ ಒಂದು ಮೂಲೆಗೆ ಕೊಡುವ ಬಾಡಿಗೆ. ಮನೆ ಚಿಕ್ಕದಾಗಿ, ಆಫೀಸು ದೂರವಾಗಿ, ಕೂರಲು ಒಂದು ಕಟ್ಟೆಯೂ ಸಿಗದ ಮಹಾನಗರದಲ್ಲಿ ಈ ವ್ಯಾಪಾರ ನಡೆಯುತ್ತದೆ. ಸಾವಿರಗಟ್ಟಲೆ ಜನ ಒಂದೇ ಬೀದಿಯಲ್ಲಿ ಒತ್ತಿಕೊಂಡು ಬದುಕುವಲ್ಲಿ ಚುಕ್ಕಿ ಬೀಳುತ್ತದೆ. ನಮ್ಮಲ್ಲಿಯೋ, ಗುಡ್ಡಕ್ಕೊಂದು ಮನೆ, ಮನೆಗೊಂದು ಜಗಲಿ, ಜಗಲಿಗೊಂದು ಆರಾಮ ಕುರ್ಚಿ. ಬಂದವರಿಗೆ ‘ಆಸರಿಗೆ ಎಂತ ಬೇಕು?’ ಎಂದು ಕೇಳಿ, ಮೊದಲು ಬೆಲ್ಲ ಮತ್ತು ತಂಬಿಗೆಯಲ್ಲಿ ನೀರು, ಆಮೇಲೆ ಪುನರ್ಪುಳಿ ಶರಬತ್ತೋ, ನೀರುಮಜ್ಜಿಗೆಯೋ, ಕಣ್ಣ ಚಾವೋ. ಇಷ್ಟೂ ಬಿಟ್ಟಿ. ಇಂಥ ಪುಕ್ಕಟೆ ಮಳಿಗೆಗಳು ಗುಡ್ಡ ಗುಡ್ಡದಲ್ಲೂ ಇರುವಲ್ಲಿಗೆ ಯಾವ ಕಂಪನಿ ಬಂಡವಾಳ ಹಾಕುತ್ತದೆ?

ಅಧಿಕಾರಿ ಕಡೆಯ ಆಸೆಯಿಂದ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೂ ಹೋಗುತ್ತಾರೆನ್ನಿ. ಅಲ್ಲಿ ಜನಕ್ಕೆ ಬರವಿಲ್ಲ. ವರ್ಷದ ಆದಾಯದಲ್ಲಿ ನೂರು ಕೋಟಿ ದಾಟಿದ ಕ್ಷೇತ್ರ. ಆದರೆ ಸೇವೆ ಮುಗಿಯುವ ತನಕ ಭಕ್ತರು ಬಾಯಿಗೆ ಏನನ್ನೂ ಹಾಕುವುದಿಲ್ಲ, ಸೇವೆ ಮುಗಿದ ಮೇಲೆ ದೇವಸ್ಥಾನದಲ್ಲೇ ಊಟ ಧರ್ಮಕ್ಕೆ. ಎದುರಾಳಿ ಸಾಕ್ಷಾತ್ ದೇವರೇ ಆಗಿ, ಅವನ ರೇಟು ಸೊನ್ನೆಯಾದರೆ, ಎಂಬಿಎ ಓದಿದವನು ಏನು ಮಾಡಬೇಕು? ‘ಮಾರುಕಟ್ಟೆ ಇನ್ನೂ ಪಕ್ವವಾಗಿಲ್ಲ’ ಎಂದು ವರದಿ ಬರೆದು ರಾತ್ರಿ ಬಸ್ಸು ಹತ್ತುವುದೇ ದಾರಿ.

ದುಡ್ಡಿಲ್ಲದ ಊರು ಎಂದು ಯಾರೂ ತಿಳಿಯಬೇಡಿ. ಅಡಿಕೆಗೆ ಕಿಲೋಗೆ 400 ದಾಟಿದ ವರ್ಷಗಳಲ್ಲಿ ಪುತ್ತೂರಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ನಮ್ಮ ಕೊರತೆ ಬೇರೆಯೇ. ಬೆಂಗಳೂರಿನಿಂದ ರಜೆಗೆ ಬಂದ ಮಗ ಅಡಿಕೆ ತೋಟದ ತಂಪಿನಲ್ಲಿ, ಬೊಂಡಕ್ಕೆ ಸ್ಟ್ರಾ ಹಾಕಿಕೊಂಡು, ‘ಇಲ್ಲಿ ಹ್ಯಾಂಗೌಟ್ ಮಾಡ್ಲಿಕ್ಕೆ ಒಂದು ಜಾಗ ಇಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಮಗನ ದುಃಖ ಅಪ್ಪನಿಗೂ ತಟ್ಟುತ್ತದೆ. ಪುತ್ತೂರು ಜಿಲ್ಲೆಯಾಗಬೇಕೆಂಬ ಹಳೆಯ ಬೇಡಿಕೆಯ ಪಟ್ಟಿಗೆ ‘ಮತ್ತು ಒಂದು ಬ್ರ್ಯಾಂಡೆಡ್ ಕಾಫಿ ಶಾಪ್’ ಎಂದು ಸೇರಿಸಿ ಮನವಿ ಕೊಡುವುದೊಂದು ಬಾಕಿ.

ಮನವಿಗೆ ಉತ್ತರ ಬರುವ ತನಕ ಕಾಯಲಾರದವರು ನಕಲು ಮಾಡಿಕೊಳ್ಳುತ್ತಿದ್ದಾರೆ. ನಮ್ಮ ಪೇಟೆಗಳಲ್ಲೂ ಈಗ ‘ಕೆಫೆ’ಗಳು ಎದ್ದಿವೆ. ಗಾರೆ ಮಾಡದ ಗೋಡೆ, ವಯರಿಗೆ ನೇತುಬಿದ್ದ ಹಳದಿ ಬಲ್ಬು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಂಗ್ಲಿಷು, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ಕಿನ ಬಳ್ಳಿ. ವರ್ಷಕ್ಕೆರಡು ಸಲ ಆಳು ಹಿಡಿದು ನಿಜವಾದ ಬಳ್ಳಿ ಸವರಿಸುವ ಊರಿನಲ್ಲಿ, ಪ್ಲಾಸ್ಟಿಕ್ ಬಳ್ಳಿಯ ಎದುರು ನಿಂತು ಫೋಟೊ ತೆಗೆಸಿಕೊಳ್ಳಲು ಗಿರಾಕಿಗಳ ಸಾಲು. ಒಳಗೆ ಕೋಲ್ಡ್ ಕಾಫಿಯ ಮೇಲೆ ಚಾಕೊಲೇಟಿನಲ್ಲಿ ಎಲೆಯ ಚಿತ್ರ. ಹೊರಗೆ ಅದೇ ಕಟ್ಟಡದ ಮೆಟ್ಟಿಲ ಬದಿಯಲ್ಲಿ ಬೊಂಡ ಮಾರುವವನ ಹತ್ತಿರ ‘ಎಂತ, ನಿನ್ನೆಗಿಂತ ಐದು ರೂಪಾಯಿ ಜಾಸ್ತಿಯಾ?’ ಎಂದು ಚೌಕಾಸಿ.

ಮದುವೆ ಹಾಲ್‌ಗಳಲ್ಲಂತೂ ಕ್ರಾಂತಿಯೇ ಆಗಿದೆ. ಬಾಗಿಲಲ್ಲಿ ಸೀರೆಯುಟ್ಟ ಹುಡುಗಿಯರು ಹಿಡಿದು ನಿಂತ ತಟ್ಟೆಯಲ್ಲಿ ‘ವೆಲ್ಕಮ್ ಡ್ರಿಂಕ್’. ಬಣ್ಣ ನೀಲಿ. ನಮ್ಮ ತೋಟದ ಯಾವ ಹಣ್ಣಿಗೂ ಇಲ್ಲದ ನೀಲಿ. ಪುನರ್ಪುಳಿಯ ಕಡುಗೆಂಪು ಹಳ್ಳಿಯದ್ದಾಯಿತು, ಲಿಂಬೆ ಶರಬತ್ತು ಬಡವರದ್ದಾಯಿತು, ಮೈಲುತುತ್ತಿನ ಬಣ್ಣದ್ದು ಮರ್ಯಾದೆಯದ್ದಾಯಿತು. ಅಡಿಕೆಯ ಕೊಳೆರೋಗಕ್ಕೆ ಅದೇ ಮೈಲುತುತ್ತಿನ ಬೋರ್ಡೋ ದ್ರಾವಣ ಬಿಡುವ ಊರಿನ ಜನ ಅದನ್ನು ಕಂಡು ಒಮ್ಮೆಯಾದರೂ ಬೆಚ್ಚಿಬೀಳಬೇಕಿತ್ತು. ಬೀಳುವುದಿಲ್ಲ, ಎರಡನೆಯ ಗ್ಲಾಸು ಎತ್ತಿಕೊಳ್ಳುತ್ತಾರೆ.

ಚುಕ್ಕಿಗಾಗಿ ಹಂಬಲಿಸುವವರು ಒಮ್ಮೆ ಘಟ್ಟದ ಮೇಲಿನ ಕತೆಯನ್ನೂ ಕೇಳಬೇಕು. ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕನ್ನಡಿಗನೊಬ್ಬ ಕಟ್ಟಿದ, ದೇಶವೆಲ್ಲ ಹಬ್ಬಿದ ಕಾಫಿ ಸರಪಳಿ ಅದು. 2019ರ ಹೊತ್ತಿಗೆ ಸುಮಾರು 1,750 ಅಂಗಡಿ. ಜತೆಗೆ ಏಳು ಸಾವಿರ ಕೋಟಿ ರೂಪಾಯಿ ದಾಟಿದ ಸಾಲ. ಆ ವರ್ಷದ ಜುಲೈಯಲ್ಲಿ ನಮ್ಮದೇ ನೇತ್ರಾವತಿಯ ದಡದಲ್ಲಿ ಅವರ ಬದುಕು ಮುಗಿದದ್ದು ಎಲ್ಲರಿಗೂ ಗೊತ್ತು, ಅದರಲ್ಲಿ ನಗಲಿಕ್ಕೆ ಏನೂ ಇಲ್ಲ. ಆಮೇಲಿನ ಲೆಕ್ಕ ನೋಡಿ. 2024ರ ಮಾರ್ಚಿಗೆ ಉಳಿದ ಕೆಫೆಗಳು 450. ನಾಲ್ಕರಲ್ಲಿ ಮೂರು ಚುಕ್ಕಿ ಅಳಿಸಿಹೋದವು. ಚುಕ್ಕಿ ಬಂದಾಗ ‘ನಮ್ಮ ಊರು ಮುಂದುವರಿಯಿತು’ ಎಂದು ಕುಣಿದ ಪಟ್ಟಣಗಳು, ಚುಕ್ಕಿ ಹೋದಾಗ ‘ನಾವು ಹಿಂದುಳಿದೆವು’ ಎಂದು ಬೋರ್ಡು ಹಾಕಿಕೊಂಡವೇ? ಇಲ್ಲ. ಚುಕ್ಕಿಯನ್ನು ಇಟ್ಟದ್ದು ಊರಿನ ಏಳಿಗೆಯಲ್ಲ, ಬ್ಯಾಂಕಿನ ಸಾಲ. ಅಳಿಸಿದ್ದೂ ಅದೇ. ಇನ್ನೂ ಒಂದು ಮಾತು: ಅದೇ ಕಂಪನಿಯ ಕಾಫಿ ಯಂತ್ರಗಳು ಆಫೀಸು ಆಸ್ಪತ್ರೆಗಳಲ್ಲಿ 50 ಸಾವಿರಕ್ಕೂ ಹೆಚ್ಚು ಇವೆ. ಮೂಲೆಯಲ್ಲಿ ನಿಂತು ಗುಂಡಿ ಒತ್ತಿಸಿಕೊಳ್ಳುವ ಆ ಡಬ್ಬಿಗೆ ಸೋಫಾ ಇಲ್ಲ, ಹಾಡು ಇಲ್ಲ, ಅದು ಬಂತೆಂದು ಯಾವ ಊರೂ ಪಟಾಕಿ ಹೊಡೆದದ್ದಿಲ್ಲ. ಕುರ್ಚಿಗಳು ಮಡಚಿಹೋದ ಮೇಲೂ ಅದು ಗುರ್ರೆನ್ನುತ್ತಾ ನಿಂತಿದೆ.

ಇನ್ನು ನಮ್ಮದೇ ಮನೆಯ ಸುದ್ದಿ. ಒಂದೇ ಒಂದು ಅಂಗಡಿ ತೆರೆಯದೆ ದಕ್ಷಿಣ ಭಾರತದ ಅಂಗಡಿ ಅಂಗಡಿಗೂ ಹೋದ ಪಾನೀಯ ಹುಟ್ಟಿದ್ದು ಇದೇ ಬಿಳಿ ಜಾಗದಲ್ಲಿ. ಆಟೊ ರಿಕ್ಷಾ ಓಡಿಸಿ ಬದುಕು ಆರಂಭಿಸಿದ ಸತ್ಯಶಂಕರ್ ಅವರು 2000ದಲ್ಲಿ ಬಿಂದು ಹೆಸರಿನ ಬಾಟಲಿ ನೀರು, 2002ರಲ್ಲಿ ಜೀರಿಗೆಯ ಸೋಡಾ ಹೊರತಂದರು. ಪುತ್ತೂರು ಬಳಿಯ ನರಿಮೊಗರಿನಿಂದ ಹೊರಟ ಆ ಬಾಟಲಿ ಕುರ್ಚಿ ಮೇಜು ಕೇಳಲಿಲ್ಲ, ಒಳಾಂಗಣ ವಿನ್ಯಾಸ ಕೇಳಲಿಲ್ಲ. ಗೂಡಂಗಡಿಯ ಫ್ರಿಜ್ಜಿನಲ್ಲಿ ಒಂದು ಗೇಣು ಜಾಗ ಕೇಳಿತು. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಗೊನೆ ನೇತುಹಾಕಿದ, ಮುಂದುಗಡೆ ಚಿಕ್ಕಿ ಭರಣಿ ಇಟ್ಟ, ನೆಲಕ್ಕೆ ಪೇಪರ್ ಹಾಸಿದ ಅಂಗಡಿಯೇ ಅದರ ಮಳಿಗೆ. ಅಂಥ ಅಂಗಡಿಗೆ ಯಾವ ನಕ್ಷೆಯೂ ಚುಕ್ಕಿ ಇಡುವುದಿಲ್ಲ. ಹಾಗಾಗಿ ಅಳಿಸುವ ಪ್ರಶ್ನೆಯೂ ಇಲ್ಲ.

ಅದಕ್ಕೂ ಹಿಂದಿನದು ಕೊಕ್ಕೋ ಕತೆ. ಅಡಿಕೆಯ ನಡುವೆ ಕೊಕ್ಕೋ ನೆಡಿ, ನಾವಿದ್ದೇವೆ ಎಂದ ಕಂಪನಿಯವರು 1980ರ ಆಸುಪಾಸು ಬೆಲೆ ಕುಸಿದಾಗ ಇರಲಿಲ್ಲ. ಕೊಯ್ದ ಕಾಯಿ ಕೇಳುವವರಿಲ್ಲದೆ ಅಂಗಳದಲ್ಲೇ ಕೊಳೆಯುವ ಹಾಗಾಯಿತು. ಆಗ ಖರೀದಿಗೆ ಇಳಿದದ್ದು 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಅಲ್ಲಿಂದ ಬಾರು ಮಾತ್ರವಲ್ಲ, ಹಾಲಿಗೆ ಬೆರೆಸಿ ಕುಡಿಯುವ ವಿನ್ನರ್ ಪುಡಿಯೂ ಬಂತು. ಈಗ ನಮ್ಮ ಮಕ್ಕಳು ಮಂಗಳೂರಿನ ಮಾಲಿನಲ್ಲಿ ದುಬಾರಿ ಹಾಟ್ ಚಾಕೊಲೇಟ್ ಕುಡಿದು ‘ಇಂಥದ್ದು ಪುತ್ತೂರಲ್ಲಿ ಸಿಗುವುದಿಲ್ಲ’ ಎನ್ನುತ್ತಾರೆ. ಪುತ್ತೂರಿನಲ್ಲಿ ಸಿಗದ್ದು ಚಾಕೊಲೇಟಲ್ಲ, ಅದನ್ನು ತುಂಬಿಸಿ ಮೇಲೆ ಕುಡಿಯುವವನ ಹೆಸರು ಬರೆದುಕೊಡುವ ಕಾಗದದ ಲೋಟ.

ಹಾಗೆಂದು ಚೈನ್ ಅಂಗಡಿ ಹಳ್ಳಿಗೆ ಬರುವುದೇ ಇಲ್ಲ ಎಂದು ಸರಕಾರವನ್ನು ದೂರಿದರೆ ಪಾಪ ಸುತ್ತಿಕೊಳ್ಳುತ್ತದೆ. ಈ ವಿಷಯದಲ್ಲಿ ಸರಕಾರದಷ್ಟು ಸಾಮಾಜಿಕ ನ್ಯಾಯ ಯಾರೂ ಪಾಲಿಸಿಲ್ಲ. 1966ರಲ್ಲಿ ಹುಟ್ಟಿದ ಎಂಎಸ್‌ಐಎಲ್ ಎಂಬ ಸರಕಾರಿ ಕಂಪನಿ ಒಂದು ಕೈಯಲ್ಲಿ ಮಕ್ಕಳಿಗೆ ‘ಲೇಖಕ್’ ನೋಟು ಪುಸ್ತಕ ಮಾರುತ್ತದೆ, ಇನ್ನೊಂದು ಕೈಯಲ್ಲಿ ಅಪ್ಪಂದಿರಿಗೆ ಎಂಆರ್‌ಪಿ ದರದಲ್ಲಿ ಬಾಟಲಿ. 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಗಿ ಗಡಂಗುಗಳು ಮುಚ್ಚಿದಾಗ ಹೆಂಗಸರು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದರು. ಇಂದು ರಾಜ್ಯದಲ್ಲಿ ಈ ಕಂಪನಿಯ ಮದ್ಯದ ಮಳಿಗೆಗಳು ಸಾವಿರಕ್ಕೂ ಹೆಚ್ಚು. ಗುಡ್ಡೆ, ತೋಡು, ಜನಸಂಖ್ಯೆ, ನೆಟ್‌ವರ್ಕು, ಯಾವ ನೆಪವನ್ನೂ ಒಡ್ಡದೆ ಅದು ಬರುತ್ತದೆ. ‘ಬೇಡ’ ಎಂದು ಊರವರು ರಸ್ತೆಯಲ್ಲಿ ಕೂತರೂ ಬರುತ್ತದೆ. ಹಿಂದುಳಿದ ಪ್ರದೇಶಕ್ಕೆ ಆದ್ಯತೆ ಎಂದರೆ ಇದು. ಮತ್ಸ್ಯಕನ್ಯೆಯ ಅಧಿಕಾರಿಗಳು ಜಾಗ ಹುಡುಕುವ ವಿದ್ಯೆಯನ್ನು ಇಲ್ಲಿಂದ ಕಲಿಯಬಹುದು.

ಕುಡಿಯುವ ವಿಚಾರ ಇಷ್ಟು ಬಂದ ಮೇಲೆ ನೀರಿನ ಸುದ್ದಿ ಬಿಟ್ಟರೆ ತಪ್ಪಾದೀತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನೆಲ ಇದು. ಜುಲೈಯಲ್ಲಿ ಸೇತುವೆ ಮುಳುಗುತ್ತದೆ, ಶಾಲೆಗೆ ರಜೆ ಸಾರುತ್ತಾರೆ. ಅದೇ ಊರಿನಲ್ಲಿ ಎಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಗುಡ್ಡೆಯ ನೆತ್ತಿಯ ಮನೆಯವರು ಪಿಕಪ್ಪಿನಲ್ಲಿ ಟ್ಯಾಂಕು ಇಟ್ಟು ನೀರು ತರುತ್ತಾರೆ. ಸುಳ್ಯ ಪೇಟೆಗೆ ಕುಡಿಯುವ ನೀರು ಒದಗಿಸಲು ವರ್ಷಗಟ್ಟಲೆ ಬೇಸಗೆಯಲ್ಲಿ ಪಯಸ್ವಿನಿಗೆ ಕಲ್ಲುಮುಟ್ಲುವಿನಲ್ಲಿ ಮರಳಿನ ಕಟ್ಟ ಕಟ್ಟಿದರು. ಮೊದಲ ದೊಡ್ಡ ಮಳೆಗೆ ಕಟ್ಟ ಹೋಗುವುದು, ಮರುವರ್ಷ ಮತ್ತೆ ಕಟ್ಟುವುದು. ಇದಕ್ಕಾಗಿ ಯಾರೂ ಮೂರು ದಿನಕ್ಕೊಂದರಂತೆ ಗುರಿ ಇಟ್ಟುಕೊಂಡದ್ದಿಲ್ಲ.

ಹಾಗಾಗಿ ಪುತ್ತೂರು, ಸುಳ್ಯ, ಕಡಬದ ಮತದಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಕೈಮುಗಿದುಕೊಂಡು ಬಂದವರ ಮುಂದೆ ಮೂರು ತಾಲೂಕಿನ ಬಿಳಿ ನಕ್ಷೆ ಹರಡಿ, ಕೈಗೊಂದು ಪೆನ್ನು ಕೊಡಿ. ಎಪ್ರಿಲ್ ಕೊನೆಯ ವಾರದಲ್ಲೂ ನಲ್ಲಿಯಲ್ಲಿ ನೀರು ಬರುವ ಊರಿಗೆಲ್ಲ ಚುಕ್ಕಿ ಇಡಿ ಎನ್ನಿ. ಎಷ್ಟು ಬೀಳುತ್ತದೋ ಎಣಿಸಿ, ಅದರ ಮೇಲೆ ವೋಟು ಹಾಕಿ. ಮತ್ಸ್ಯಕನ್ಯೆ ಬರುವುದಾದರೆ ಆಮೇಲೆ ಬರಲಿ, ಅವಳ ಕಾಫಿ ಕುದಿಸಲಿಕ್ಕೂ ಮೊದಲು ಬೇಕಾದ್ದು ನೀರೇ.